ಬೆಳಕಿಂಡಿ ಮುಚ್ಚಿದ ರಾತ್ರಿ

ನಾನು ದೋಣಿಯಲ್ಲಿ ವಾಸ ಮಾಡ್ತೀನಿ ಅಂತ ಅವ್ವನಿಗೆ ಹೇಳೋಕೆ ಒಂದು ವರ್ಷ ಹಿಡೀತು. ಅಲ್ಲಿಯವರೆಗೆ ವಿಡಿಯೊ ಕಾಲ್‌ನಲ್ಲಿ ನನ್ನ ಹಿಂದಿನ ಮರದ ಗೋಡೆ ಒಂದನ್ನೇ ತೋರಿಸ್ತಾ ಬಂದಿದ್ದೆ. ಒಂದು ಭಾನುವಾರ ಮಾತಾಡ್ತಿರುವಾಗ ಪಕ್ಕದಲ್ಲಿ ಇನ್ನೊಂದು ದೋಣಿ ಜೋರಾಗಿ ಹಾದು ಹೋಯ್ತು. ನನ್ನ ಮನೆ ಅಲ್ಲಾಡಿತು, ಕಪಾಟಿನ ಡಬ್ಬಿಗಳು ಅಲ್ಲಾಡಿದವು, ಫೋನೂ ಅಲ್ಲಾಡಿತು. "ಭೂಕಂಪ ಆಗಾಕತ್ತೈತೋ ತಮ್ಮಾ, ಹೊರಗ ಓಡು" ಅಂತ ಅವ್ವ ಹುಬ್ಬಳ್ಳಿಯಿಂದ ಕೂಗಿದಳು. ಆಮೇಲೆ ಮುಚ್ಚಿಡೋಕೆ ಏನೂ ಉಳೀಲಿಲ್ಲ.

"ಅಷ್ಟ್ ಓದಿಸಿದ್ದು ಹಿಂಗ ನೀರಿನ ಮ್ಯಾಲೆ ತೇಲಾಡಲಿ ಅಂತೇನು?" ಅಂದಳು. ಎರಡು ವಾರ ಸರಿಯಾಗಿ ಮಾತಾಡಲಿಲ್ಲ. ಅದೇ ಅವ್ವ ಕಳೆದ ವರ್ಷ ದಸರಾ ಮುಗಿಸಿಕೊಂಡು, ಐದು ಕಿಲೋ ಜೋಳದ ಹಿಟ್ಟು, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ ಹೊತ್ತುಕೊಂಡು, ಆರು ವಾರ ಇದ್ದು ಹೋಗ್ತೀನಿ ಅಂತ ಬಂದಿಳಿದಳು. ಇವತ್ತು ಬರೆಯೋಕೆ ಹೊರಟಿರೋದು ಆ ಆರು ವಾರದಲ್ಲಿ ಒಂದು ರಾತ್ರಿಯ ಬಗ್ಗೆ. ಆದ್ರೆ ಈ ಅಂಕಣವನ್ನ ಹೊಸದಾಗಿ ಓದುತ್ತಿರುವವರಿಗೆ ಮನೆಯ ಪರಿಚಯ ಮೊದಲು ಆಗಬೇಕು.

ನಮ್ಮದು ನ್ಯಾರೋಬೋಟ್. ಉಕ್ಕಿನ ದೋಣಿ. ಉದ್ದ 57 ಅಡಿ, ಅಗಲ 6 ಅಡಿ 10 ಇಂಚು. ಅಂದ್ರೆ ಹುಬ್ಬಳ್ಳಿಯ ಸಿಟಿ ಬಸ್ಸಿಗಿಂತ ಅಗಲ ಕಮ್ಮಿ, ಉದ್ದ ಮಾತ್ರ ಒಂದೂವರೆ ಬಸ್ಸಿನಷ್ಟು. ಇಂಗ್ಲೆಂಡಿನ ಎಷ್ಟೋ ಕಾಲುವೆಗಳನ್ನು 18ನೇ ಶತಮಾನದಲ್ಲಿ ತೋಡುವಾಗ ಲಾಕ್‌ಗಳನ್ನ ಸುಮಾರು ಏಳು ಅಡಿ ಅಗಲಕ್ಕೆ ಕಟ್ಟಿದರು. ಕಲ್ಲಿದ್ದಲು ತುಂಬಿದ ದೋಣಿಗಳನ್ನ ಕುದುರೆಗಳು ದಡದಲ್ಲಿ ನಡೆದು ಎಳೀತಿದ್ದವು. ಕುದುರೆ ಹೋಯ್ತು, ಕಲ್ಲಿದ್ದಲೂ ಹೋಯ್ತು, ಆ ಅಳತೆ ಮಾತ್ರ ಉಳೀತು. ಅದರೊಳಗೆ ನನ್ನಂಥವರು ಹಾಸಿಗೆ, ಅಡುಗೆಮನೆ, ಶವರ್, ವರ್ಕ್ ಡೆಸ್ಕ್ ಎಲ್ಲಾ ತುರುಕಿಕೊಂಡು ಇದ್ದೀವಿ.

ಬಂದದ್ದು ಬಾಡಿಗೆ ತಾಳಲಾರದೆ, ಸುಳ್ಳು ಯಾಕೆ. ನನಗೆ ಖಾಯಂ ಕಟ್ಟುವ ಜಾಗ ಇಲ್ಲ. ಅಂಥ ದೋಣಿಗಳಿಗೆ 1995ರ ಕಾಯ್ದೆ ಪ್ರಕಾರ ಒಂದೇ ಕಡೆ ಸಾಮಾನ್ಯವಾಗಿ 14 ದಿನಕ್ಕಿಂತ ಹೆಚ್ಚು ನಿಲ್ಲೋ ಹಾಗಿಲ್ಲ. ಹಾಗಾಗಿ ಗ್ರ್ಯಾಂಡ್ ಯೂನಿಯನ್ ಕಾಲುವೆಯಲ್ಲಿ ಮೇಲಕ್ಕೂ ಕೆಳಕ್ಕೂ ಓಡಾಡ್ತಾ ಇರ್ತೀನಿ. ಓಡಾಟ ಅಂದ್ರೆ ಗಂಟೆಗೆ ನಾಲ್ಕು ಮೈಲಿ, ಅದೇ ಗರಿಷ್ಠ ಮಿತಿ. ಒಂದು ಅನುಕೂಲ ಇದೆ. ಟ್ರಿಂಗ್‌ನಿಂದ ವುಲ್ವರ್ಟನ್‌ವರೆಗೆ ಲಂಡನ್ನಿನ ಯೂಸ್ಟನ್‌ಗೆ ಹೋಗುವ ರೈಲುಮಾರ್ಗ ಕಾಲುವೆಯ ಜೊತೆಜೊತೆಗೇ ಸಾಗ್ತದೆ. ಮನೆ ಎಲ್ಲಿ ನಿಂತಿದ್ರೂ ಒಂದು ಸ್ಟೇಷನ್ ಸಿಕ್ಕೇ ಸಿಗ್ತದೆ. ವಾರಕ್ಕೆ ಎರಡು ದಿನ ಆಫೀಸು, ಉಳಿದಿದ್ದು ದೋಣಿಯಿಂದಲೇ.

ಅವ್ವ ಒಳಗೆ ಕಾಲಿಟ್ಟವಳು ಆ ತುದಿಯಿಂದ ಈ ತುದಿಗೆ ಒಂದು ಸಲ ನಡೆದಳು. "ಉದ್ದಕ ಐತಿ ಬಿಡು" ಅಂದಳು, ಅಷ್ಟೇ. ಟಾಯ್ಲೆಟ್ಟಿನ ಕ್ಯಾಸೆಟ್ಟನ್ನ ನಾನೇ ಹೊತ್ತುಕೊಂಡು ಹೋಗಿ ಖಾಲಿ ಮಾಡಬೇಕು ಅಂತ ಗೊತ್ತಾದಾಗ ಮಾತ್ರ ಸೆರಗು ಮೂಗಿಗೆ ಹಿಡಿದು ಹತ್ತು ನಿಮಿಷ ದೇವರ ಹೆಸರು ಹೇಳಿದಳು. ಆ ವಿಷಯ ಇಲ್ಲಿಗೇ ಬಿಡೋಣ, ನೀವು ಊಟ ಮಾಡ್ತಾ ಓದುತ್ತಿರಬಹುದು.

ನೀರಿನ ವಿಷಯದಲ್ಲಿ ಮಾತ್ರ ನಾನು ಅಂದುಕೊಂಡಿದ್ದೇ ಬೇರೆ, ಆಗಿದ್ದೇ ಬೇರೆ. ನನ್ನ ದೋಣಿಯ ಟ್ಯಾಂಕಿನಲ್ಲಿ 400 ಲೀಟರ್ ಹಿಡೀತದೆ. ಖಾಲಿಯಾದ್ರೆ ನೀರಿನ ಪಾಯಿಂಟ್ ಇರುವ ಜಾಗಕ್ಕೆ ದೋಣಿ ನಡೆಸಿಕೊಂಡು ಹೋಗಿ ಪೈಪ್ ಹಚ್ಚಬೇಕು. ಇದನ್ನ ಅವ್ವನಿಗೆ ಹೇಗಪ್ಪಾ ಅರ್ಥ ಮಾಡಿಸೋದು ಅಂತ ಒಂದು ಭಾಷಣ ತಯಾರು ಮಾಡಿಕೊಂಡಿದ್ದೆ. ಅವಳು ಅರ್ಧಕ್ಕೇ ತಡೆದಳು. "ನಮ್ಮ ಓಣ್ಯಾಗ ಎಂಟ್ ದಿನಕ್ಕೊಮ್ಮೆ ನಳ ಬರ್ತಿತ್ತು. ನನಗ ನೀರಿನ ಪಾಠ ಹೇಳ್ತಿಯೇನು?" ಮಾರನೇ ದಿನದಿಂದ ಶವರ್ ಬಂದ್. ಬಕೆಟ್ಟು, ಚರಿಗಿ ಬಂದವು. ಅಕ್ಕಿ ತೊಳೆದ ನೀರು ದೋಣಿಯ ಮೇಲಿನ ಕೊತ್ತಂಬರಿ ಕುಂಡಕ್ಕೆ, ಕಾಯಿಪಲ್ಯೆ ತೊಳೆದ ನೀರು ಪಾತ್ರೆಯ ಮೊದಲ ತೊಳೆತಕ್ಕೆ. ನಾನೊಬ್ಬನೇ ಇದ್ದಾಗ ಎಂಟು ದಿನಕ್ಕೆ ಮುಗೀತಿದ್ದ ಟ್ಯಾಂಕು ಇಬ್ಬರಿಗೆ ಹತ್ತು ದಿನ ಬಂತು. ಕರೆಂಟೂ ಅಷ್ಟೇ. ಅಕ್ಟೋಬರ್ ಮುಗಿಯುವ ಹೊತ್ತಿಗೆ ಸೋಲಾರ್ ಪ್ಯಾನಲ್ಲು ಹೆಸರಿಗೆ ಮಾತ್ರ, ಬ್ಯಾಟರಿ ತುಂಬಿಸೋಕೆ ಎಂಜಿನ್ ಓಡಿಸಬೇಕು. ಎಂಜಿನ್ ಶುರುವಾದ ಸದ್ದು ಕೇಳಿದ ಕೂಡಲೇ ಅವ್ವ ಮಿಕ್ಸರ್ ಹೊರಗೆ ತೆಗೀತಿದ್ದಳು. ನಾನು ಲ್ಯಾಪ್‌ಟಾಪ್ ಪ್ಲಗ್ ಮಾಡೋಕೆ ಓಡ್ತಿದ್ದೆ.

ರೊಟ್ಟಿ ಬಡಿಯೋದರ ಕಥೆಯೊಂದು ಹೇಳಲೇಬೇಕು. ಉಕ್ಕಿನ ದೋಣಿ ಅಂದ್ರೆ ಒಂದು ದೊಡ್ಡ ಡಬ್ಬಿ ಇದ್ದ ಹಾಗೆ. ಅವ್ವ ಮೊದಲ ದಿನ ಜೋಳದ ರೊಟ್ಟಿ ಬಡಿಯೋಕೆ ಶುರು ಮಾಡಿದಾಗ ಇಡೀ ದೋಣಿ ಡೊಳ್ಳಿನ ಥರ ಮೊಳಗಿತು. ಐದು ನಿಮಿಷಕ್ಕೆ ಹಿಂದಿನ ದೋಣಿಯ ಮುದುಕಪ್ಪ ಬಂದು ಕಿಟಕಿ ತಟ್ಟಿದ. ಎಂಜಿನ್ ಒಳಗೆ ಏನೋ ಕಳಚಿಕೊಂಡಿದೆ, ತಕ್ಷಣ ಆಫ್ ಮಾಡು ಅಂದ. ಅವನ ಕೈಗೆ ಒಂದು ಬಿಸಿ ರೊಟ್ಟಿ, ಮೇಲೆ ಬೆಣ್ಣೆ ಚಟ್ನಿ ಇಟ್ಟು ಕಳಿಸಿದಳು. ಆಮೇಲೆ ಸದ್ದು ಕೇಳಿದ್ರೆ ತಟ್ಟೆ ಹಿಡಿದೇ ಬರ್ತಿದ್ದ. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರ್ತಿರಲಿಲ್ಲ. ಅದರಿಂದ ಏನೂ ತೊಂದರೆ ಆಗಲಿಲ್ಲ.

ಕಾಸ್‌ಗ್ರೋವ್ ಹತ್ತಿರ ಗ್ರೇಟ್ ಊಸ್ ನದಿಯ ಮೇಲೆ ಒಂದು ಕಬ್ಬಿಣದ ತೊಟ್ಟಿ ಇದೆ, 1811ರದ್ದು. ಕಾಲುವೆ ಅದರೊಳಗೆ ನದಿಯನ್ನ ದಾಟ್ತದೆ. ಅದಕ್ಕೂ ಮುಂಚೆ ಇಟ್ಟಿಗೆಯದ್ದು ಕಟ್ಟಿದ್ದರು, ಅದು 1808ರಲ್ಲಿ ಕುಸಿದು ಬಿತ್ತು. ಒಂದು ಬದಿಗೆ ನಡೆಯುವ ದಾರಿ, ಕಟಾಂಜನ ಇದೆ. ಇನ್ನೊಂದು ಬದಿಗೆ ತೊಟ್ಟಿಯ ಅಂಚು ಬಿಟ್ಟರೆ ಏನೂ ಇಲ್ಲ, ದೋಣಿಯಿಂದ ಬಗ್ಗಿದರೆ ಸೀದಾ ಕೆಳಗೆ ನದಿ. ಅವ್ವ ಕಣ್ಣು ಮುಚ್ಚಿಕೊಳ್ತಾಳೆ ಅಂದುಕೊಂಡಿದ್ದೆ. ಹಿಂದೆ ನನ್ನ ಪಕ್ಕ ನಿಂತು ಕೆಳಗಡೆ ಬಗ್ಗಿ ನೋಡಿ, "ಹೊಳೀ ಮ್ಯಾಲೆ ಕಾಲಿವಿ! ಯಾರ ತಲಿಯಪ್ಪಾ ಇದು" ಅಂತ ಖುಷಿಪಟ್ಟಳು. ಅಲ್ಲಿಂದ ಫೆನ್ನಿ ಸ್ಟ್ರಾಟ್‌ಫರ್ಡ್‌ವರೆಗೆ ಒಂದೂ ಲಾಕ್ ಇಲ್ಲ. ಟಿಲ್ಲರ್ ಅವಳ ಕೈಗೆ ಕೊಟ್ಟೆ. ಟಿಲ್ಲರ್ ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ಹೋಗ್ತದೆ, ಅದು ತಲೆಗೆ ಹತ್ತೋಕೆ ನನಗೆ ಒಂದು ವಾರ ಬೇಕಾಗಿತ್ತು. ಅವಳಿಗೆ ಒಂದು ಗಂಟೆ. ಫೆನ್ನಿಯ ಲಾಕ್‌ನಲ್ಲಿ ನೀರು ಏರೋದು ಇಳಿಯೋದು ಸುಮಾರು ಒಂದೇ ಒಂದು ಅಡಿ. "ಇಷ್ಟಕ್ಕ ಅಷ್ಟ್ ದೊಡ್ಡ ಬಾಗಲಾ?" ಅಂತ ನಕ್ಕಳು.

ನವೆಂಬರ್ ಎರಡನೇ ವಾರ ಮೊದಲ ಹಿಮ ಬಿತ್ತು. ಹಿಮ ಅಂದ್ರೆ ಸಿನಿಮಾದ ಹಿಮ ಅಲ್ಲ, ಬೆಳಗ್ಗೆ ಎದ್ದರೆ ಹಗ್ಗ ಎಲ್ಲ ಕೋಲಿನ ಹಾಗೆ ಸೆಟೆದುಕೊಂಡಿರ್ತದಲ್ಲ, ಆ ಥರದ್ದು. ದೋಣಿಯ ಮುಂಭಾಗದಲ್ಲಿ ಒಂದು ಚಿಕ್ಕ ಒಲೆ ಇದೆ, ಹೊಗೆ ಕಡಿಮೆ ಬರುವ ಕಲ್ಲಿದ್ದಲಿನ ಉಂಡೆ ಹಾಕಿ ಉರಿಸೋದು. ರಾತ್ರಿ ಮಲಗುವಾಗ ತುಂಬಾ ಉಂಡೆ ಹಾಕಿ, ಗಾಳಿ ಬಿಡುವ ತಿರುಪು ಅರ್ಧಕ್ಕಿಂತ ಹೆಚ್ಚು ಮುಚ್ಚಿದರೆ ಬೆಳಗಿನವರೆಗೆ ಕೆಂಡ ಉಳೀತದೆ. ಒಲೆ ಹತ್ತಿರದ ಸೋಫಾ ಹಾಸಿಗೆ ಅವ್ವನದ್ದು, ಬೆಚ್ಚಗಿರಲಿ ಅಂತ ನಾನೇ ಕೊಟ್ಟಿದ್ದು. ನನ್ನ ಹಾಸಿಗೆ ಹಿಂದಿನ ತುದಿಯಲ್ಲಿ.

ರಾತ್ರಿ ಮೂರೂ ಹತ್ತಕ್ಕೆ ಅಲಾರಂ ಹೊಡೀತು.

ನಾನು ಮೊದಲು ಮಾಡಿದ್ದು ಏನು ಗೊತ್ತಾ? ಮಗ್ಗುಲು ಬದಲಿಸಿದ್ದು. ಯಾಕಂದ್ರೆ ಅವ್ವ ಬಂದಾಗಿನಿಂದ ಹೊಗೆಯ ಅಲಾರಂ ದಿನಕ್ಕೆರಡು ಸಲ ಒಗ್ಗರಣೆಗೆ ಕೂಗ್ತಿತ್ತು. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದರೆ ಸಾಕು. ಕೆಲಸದಲ್ಲೂ ಆನ್‌ಕಾಲ್ ಇದ್ದಾಗ ರಾತ್ರಿ ಬರುವ ಹತ್ತು ಅಲರ್ಟ್‌ನಲ್ಲಿ ಒಂಬತ್ತು ಸುಳ್ಳು. ಕಿವಿ ಒಗ್ಗಿ ಹೋಗಿರ್ತದೆ. ಆಮೇಲೆ ತಲೆಗೆ ಹೊಳೀತು, ರಾತ್ರಿ ಮೂರಕ್ಕೆ ಯಾರು ಒಗ್ಗರಣೆ ಹಾಕ್ತಾರೆ? ಎದ್ದು ಮುಂದೆ ಹೋದರೆ ಕೂಗ್ತಿದ್ದದ್ದು ಹೊಗೆಯ ಅಲಾರಂ ಅಲ್ಲ, ಕಾರ್ಬನ್ ಮಾನಾಕ್ಸೈಡಿನದ್ದು. ಅದರ ಪರದೆ ಮೇಲೆ 143 ಅಂತ ಇತ್ತು.

ಅವ್ವನ ತಲೆಯಿಂದ ಎರಡು ಮಾರು ದೂರದಲ್ಲಿ ಅಷ್ಟು ಜೋರಾಗಿ ಕೂಗ್ತಿತ್ತು. ಅವ್ವ ಎದ್ದಿರಲಿಲ್ಲ.

ಇದನ್ನ ಬರೀತಾ ಈಗಲೂ ಬೆರಳು ನಿಲ್ತಾವೆ. ಬಾಗಿಲು ಒದ್ದು ತೆಗೆದೆ, ಭುಜ ಹಿಡಿದು ಅಲ್ಲಾಡಿಸಿದೆ. ಎರಡನೇ ಸಲಕ್ಕೆ ಕಣ್ಣು ಬಿಟ್ಟಳು. "ತಲಿ ಸಿಡಿಯಾಕತ್ತೈತಿ" ಅಂದಳು. ಎತ್ತಿಕೊಂಡ ಹಾಗೇ ದಡಕ್ಕೆ ತಂದೆ. ಸೀರೆ, ಸ್ವೆಟರ್, ಬರಿಗಾಲು. ಹುಲ್ಲಿನ ಮೇಲೆ ಹಿಮ ಕರಕರ ಅಂತಿತ್ತು. ಅಲ್ಲೇ ವಾಂತಿ ಮಾಡಿಕೊಂಡಳು. ನಾನು 999ಕ್ಕೆ ಫೋನ್ ಮಾಡಿದೆ. ದೋಣಿಗೆ ಮನೆ ನಂಬರ್ ಇರಲ್ಲ, ಆದ್ರೆ ಕಾಲುವೆಯ ಪ್ರತಿ ಸೇತುವೆಗೂ ನಂಬರ್ ಇರ್ತದೆ, ಅದನ್ನೇ ಹೇಳಿದೆ.

ಆಂಬುಲೆನ್ಸ್ ಬರೋವರೆಗೆ ದಡದಲ್ಲಿ ಕೂತಿದ್ದಾಗ ಬಾಗಿಲಿನ ಕಡೆ ಟಾರ್ಚ್ ಬಿಟ್ಟೆ. ಬಾಗಿಲಿನ ಕೆಳಗೆ ಗಾಳಿ ಆಡೋಕೆ ಸೀಳುಗಳು ಇರ್ತಾವೆ. ಅದರ ಮೇಲೆ ಒಳಗಡೆಯಿಂದ ಕಂದು ಬಣ್ಣದ ಪ್ಯಾಕಿಂಗ್ ಟೇಪ್. ಛಾವಣಿಯಲ್ಲಿ ಹಿತ್ತಾಳೆಯ ಅಣಬೆ ಥರದ ಗಾಳಿಗಂಡಿಗಳಿವೆ. ಮುಂದಿನ ಎರಡಕ್ಕೂ ಹಳೇ ಟವೆಲ್ ತುಂಡು ಮಾಡಿ ತುರುಕಿದ್ದಳು.

"ಗಾಳಿ ಬರ್ತಿತ್ತೋ, ಥಂಡಿ ತಡೀಲಿಲ್ಲ" ಅಂದಳು.

ನಾನು ಬೈದೆ. ಆ ರಾತ್ರಿ, ಆ ಚಳಿಯಲ್ಲಿ, ವಾಂತಿ ಮಾಡಿ ಸುಸ್ತಾಗಿ ಕೂತಿದ್ದ ಅರವತ್ತೆರಡು ವರ್ಷದ ಹೆಂಗಸಿಗೆ, ಸಾಯ್ತಿದ್ವಿ ಗೊತ್ತೇನು ನಿನಗೆ, ಕೇಳದೆ ಯಾಕೆ ಮುಟ್ಟಿದಿ ಅಂತ ಇಡೀ ಕಾಲುವೆಗೆ ಕೇಳೋ ಹಾಗೆ ಬೈದೆ. ಅವಳು ಒಂದೇ ಮಾತು ಹೇಳಿದ್ದು: "ಹೊಗೀನ ಇರಲಿಲ್ಲಲ್ಲೋ ತಮ್ಮಾ."

ಆಸ್ಪತ್ರೆಯಲ್ಲಿ ಇಬ್ಬರ ರಕ್ತ ಪರೀಕ್ಷೆ ಮಾಡಿದರು, ಅವ್ವನಿಗೆ ಕೆಲವು ಗಂಟೆ ಆಕ್ಸಿಜನ್ ಕೊಟ್ಟರು. ಮಧ್ಯಾಹ್ನಕ್ಕೆ ಮನೆಗೆ ಕಳಿಸಿದರು. ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗಕ್ಕೆ ಇದು ಹೋಗಿ ಕೂರ್ತದೆ, ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ತದೆ. ತಲೆನೋವು, ವಾಕರಿಕೆ, ಆಮೇಲೆ ನಿದ್ದೆ. ಮಲಗಿದ್ದವರಿಗೆ ಮೊದಲಿನ ಎರಡು ಗೊತ್ತೇ ಆಗದೆ ಹೋಗಬಹುದು. ಕೆಂಡ ಸಾಕಷ್ಟು ಗಾಳಿ ಸಿಗದೆ ಮಂದವಾಗಿ ಉರಿಯುವಾಗಲೇ ಇದು ಜಾಸ್ತಿ ಹುಟ್ಟೋದು. ಭಗಭಗ ಉರಿಯುವ ಬೆಂಕಿ ನೋಡಿ ಹೆದರ್ತೀವಿ, ತಣ್ಣಗೆ ಕೂತಿರೋ ಕೆಂಡ ನೋಡಿ ಧೈರ್ಯವಾಗಿ ಮಲಗ್ತೀವಿ.

ಇಲ್ಲಿಗೆ ಕಥೆ ಮುಗಿದಿದ್ದರೆ ಊರಿಂದ ಬಂದ ಅವ್ವನ ಅಜ್ಞಾನದ ಕಥೆ ಆಗ್ತಿತ್ತು. ನಾನೂ ಒಂದು ದಿನದ ಮಟ್ಟಿಗೆ ಹಾಗೇ ನಂಬಿದ್ದೆ.

ಮಾರನೇ ದಿನ ಸಂಜೆ ರೊಟ್ಟಿಯ ಮುದುಕಪ್ಪ ಟಾರ್ಚು, ಉದ್ದನೆ ಬ್ರಷ್ಷು ತಗೊಂಡು ಬಂದ. ನಲವತ್ತು ವರ್ಷದಿಂದ ದೋಣಿಯಲ್ಲಿ ಇರುವವನು. ಅವ್ವ ಹಿಂದೆ ಮಲಗಿದ್ದಳು. ಒಲೆಯ ಬಾಗಿಲಿಗೆ ಒಂದು ಹಾಳೆ ಸಿಕ್ಕಿಸಿ ಮುಚ್ಚಿದ, ಹೊರಗಿನಿಂದ ಎಳೆದ. ಸಲೀಸಾಗಿ ಬಂತು. ಬಾಗಿಲ ಸುತ್ತ ಹಗ್ಗದಂಥ ಸೀಲ್ ಇರ್ತದೆ, ಅದು ಸವೆದು ಹೋಗಿತ್ತು. ಹಾಳೆ ಗಟ್ಟಿಯಾಗಿ ಕಚ್ಚಿಕೊಂಡಿರಬೇಕು. ಆಮೇಲೆ ಒಲೆಯ ಒಳಗೆ ಕೈಹಾಕಿ ಮೇಲಿನ ತಟ್ಟೆ ತೆಗೆದ, ಹೊಗೆಕೊಳವೆಗೆ ಬ್ರಷ್ ಹಾಕಿದ. ಮಸಿ ಸುರೀತು. ಅರ್ಧ ಬಕೆಟ್. ಕೊಳವೆಯ ದಾರಿ ಅರ್ಧಕ್ಕರ್ಧ ಕಟ್ಟಿಕೊಂಡಿತ್ತು. ಕೊನೇ ಸಲ ಯಾವಾಗ ಗುಡಿಸಿದ್ದೆ ಅಂತ ಕೇಳಿದ.

ಏಪ್ರಿಲ್‌ನಲ್ಲಿ ಗುಡಿಸಬೇಕಿತ್ತು. ಕ್ಯಾಲೆಂಡರಿನಲ್ಲಿ ರಿಮೈಂಡರ್ ಇತ್ತು. ಆ ರಾತ್ರಿ ತೆಗೆದು ನೋಡಿದೆ, ಏಳು ಸಲ ಮುಂದಕ್ಕೆ ಹಾಕಿದ್ದೆ.

ಟೇಪು, ಟವೆಲ್ಲು ಇಲ್ಲದಿದ್ದರೂ ಅವತ್ತಲ್ಲ ಇನ್ನೊಂದು ದಿನ ಆ ಒಲೆ ಇದನ್ನೇ ಮಾಡ್ತಿತ್ತು ಅಂತ ಮುದುಕಪ್ಪ ಹೇಳಿದ. ಬೈಯ್ಯಲಿಲ್ಲ, ಬ್ರಷ್ಷನ್ನ ನನ್ನ ಹತ್ತಿರವೇ ಬಿಟ್ಟು ಹೋದ.

ನಮ್ಮ ಆಫೀಸಿನಲ್ಲಿ ಸಿಸ್ಟಮ್ ಬಿದ್ದು ಹೋದರೆ ಆಮೇಲೆ ಒಂದು ವರದಿ ಬರೀತೀವಿ. ಯಾರನ್ನೂ ದೂರಬಾರದು, ಒಂದು ತಪ್ಪು ಇಷ್ಟು ದೊಡ್ಡದಾಗೋಕೆ ದಾರಿ ಹೇಗೆ ತೆರೆದಿತ್ತು ಅಂತ ಮಾತ್ರ ನೋಡಬೇಕು ಅನ್ನೋದು ನಿಯಮ. ಹೊಸದಾಗಿ ಸೇರಿದವರಿಗೆ ಈ ನಿಯಮ ಹೇಳಿಕೊಡೋನು ನಾನೇ. ಹೊಸಬ ಏನಾದರೂ ಕೆಡಿಸಿದರೆ ಅವನಿಗೆ ಯಾರು ಏನು ಹೇಳಿಕೊಟ್ಟಿದ್ದರು ಅಂತ ಮೊದಲು ಕೇಳ್ತೀವಿ. ಅವ್ವನಿಗೆ ನಾನು ನೀರು ಹೇಳಿದ್ದೆ, ಕರೆಂಟು ಹೇಳಿದ್ದೆ, ಗ್ಯಾಸ್ ಸಿಲಿಂಡರ್ ಬದಲಿಸೋದು ಹೇಳಿದ್ದೆ. ಆ ಗಂಡಿಗಳು ಯಾಕಿವೆ ಅಂತ ಒಂದು ಮಾತೂ ಹೇಳಿರಲಿಲ್ಲ.

ಆದರೂ ಎರಡು ದಿನ ಅವಳಿಗೆ ಈ ವಿಷಯ ಹೇಳಲಿಲ್ಲ. ಅವಳು ಮಾತ್ರ ಸೋತು ಹೋಗಿದ್ದಳು. ರೊಟ್ಟಿ ಬಡಿಯಲಿಲ್ಲ. ಒಲೆ ಹಚ್ಚೋಕೆ ಬಿಡಲಿಲ್ಲ, ಎರಡು ಸ್ವೆಟರ್ ಹಾಕಿಕೊಂಡು ಕೂತಿದ್ದಳು. ಅಕ್ಕನ ಜೊತೆ ಫೋನಿನಲ್ಲಿ "ನನ್ನ ಕೈಯಾರ ಮಗನ್ನ ಕಳಕೋತಿದ್ನೆವ್ವಾ" ಅಂತ ಅಳ್ತಿದ್ದದ್ದು ಕೇಳಿಸ್ತು. 57 ಅಡಿ ಮನೆಯಲ್ಲಿ ಏನೂ ಕೇಳಿಸದೆ ಇರಲ್ಲ. ಆಗಲೂ ಸುಮ್ಮನಿದ್ದೆ. ತಪ್ಪು ಅವಳ ಲೆಕ್ಕದಲ್ಲೇ ಇದ್ದರೆ ನನಗೆ ಹಗುರ ಅನ್ನಿಸ್ತಿತ್ತು, ಅದು ಬಿಟ್ಟರೆ ಬೇರೆ ಕಾರಣ ಇಲ್ಲ.

ಮೂರನೇ ದಿನ ನೀರು ತುಂಬಿಸೋಕೆ ನಿಂತೆವು. ಟ್ಯಾಂಕು ತುಂಬೋಕೆ ಮುಕ್ಕಾಲು ಗಂಟೆ ಬೇಕು, ಪೈಪ್ ಬಿಟ್ಟು ಎಲ್ಲಿಗೂ ಹೋಗೋ ಹಾಗಿಲ್ಲ. ಅವ್ವ ದಡದ ಬೆಂಚಿನ ಮೇಲೆ ಕೂತಿದ್ದಳು. ಹೋಗಿ ಪಕ್ಕ ಕೂತು ಹೇಳಿದೆ. ಮಸಿ, ಹಗ್ಗ, ಏಪ್ರಿಲ್ ಎಲ್ಲಾ.

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಂದ್ರ ಅವತ್ತ್ ರಾತ್ರಿ ನನ್ನ ಬೈದದ್ದು?" ಅಂದಳು.

"ತಪ್ಪಾತು ಬೇ."

"ಆ ತೂತು ಯಾಕ ಅದಾವು ಅಂತ ಒಂದ್ ಮಾತ್ ಹೇಳಿದ್ರ ನಾ ಮುಟ್ಟತಿದ್ನೇನು? ನಮ್ಮ ಅಜ್ಜಿ ಮನ್ಯಾಗ ಬೆಳಕಿಂಡಿ ಇರ್ತಿತ್ತು. ಒಲಿ ಉರಿಯೂಮುಂದ ಅದನ್ನ ತೆಗದಿಡತಿದ್ರು. ಥಂಡ್ಯಾಗ ಒಲಿ ಆರಿದ ಮ್ಯಾಲೆ ಮುಚ್ಚತಿದ್ರು. ಇವು ಬೆಳಕಿಂಡಿ ಅಂದಿದ್ರ ಸಾಕಾಗತಿತ್ತಲ್ಲೋ. ನೀ ಏನೋ ವೆಂಟ್ ವೆಂಟ್ ಅಂದಿ, ನನಗೇನ್ ತಿಳೀಬೇಕು."

ನನಗೆ ಗೊತ್ತಿದ್ದ ಭಾಷಣಗಳಲ್ಲಿ ಯಾವುದರಲ್ಲೂ ಬೆಳಕಿಂಡಿ ಅನ್ನೋ ಪದ ಇರಲಿಲ್ಲ. ಅವಳ ಅಜ್ಜಿಯ ಮನೆಯಲ್ಲಿ ಹಸಿ ಕಟ್ಟಿಗೆ ಹಾಕಿ ಮನೆ ತುಂಬಾ ಹೊಗೆ ಮಾಡಿಕೊಂಡೂ ಎಲ್ಲರೂ ಬದುಕಿದ್ದು ಆ ಒಂದು ಚೌಕ ತೂತಿನಿಂದ. ಅವಳಿಗೆ ಹೊಗೆ ಅಂದ್ರೆ ಎಚ್ಚರಿಕೆ. ಹೊಗೆ ಇಲ್ಲದ ಕಲ್ಲಿದ್ದಲು ತಂದು ಆ ಎಚ್ಚರಿಕೆಯನ್ನೂ ತೆಗೆದವನು ನಾನು.

"ನಳ ಬಂದ್ ಮಾಡು, ಟಾಕಿ ತುಂಬಿ ಹರಿಯಾಕತ್ತೈತಿ" ಅಂದಳು. ಅವತ್ತು ಸಂಜೆ ರೊಟ್ಟಿ ಬಡಿದಳು. ಮುದುಕಪ್ಪ ತಟ್ಟೆ ಹಿಡಿದು ಬಂದ.

ಬೆಂಗಳೂರಿನಲ್ಲಿ ಇರುವ ಗೆಳೆಯನೊಬ್ಬನಿಗೆ ಇದೆಲ್ಲ ಹೇಳಿದಾಗ, ನಿನ್ನ ದೋಣಿ ಸಹವಾಸ ಬೇಡಪ್ಪಾ ಅಂತ ನಕ್ಕ. ಅವನ ಬಾಡಿಗೆ ಮನೆಯ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಇದೆ. ಇದ್ದ ಒಂದೇ ಗಾಳಿಕಿಂಡಿಗೆ ಸೊಳ್ಳೆ ಬರ್ತದೆ ಅಂತ ರಟ್ಟು ಹೊಡೆದಿದ್ದಾನೆ. ಫೋಟೊ ಕಳಿಸು ಅಂದೆ, ಕಳಿಸಿದ. ರಟ್ಟು ತೆಗೆಯೋವರೆಗೆ ಫೋನ್ ಇಡಲಿಲ್ಲ ನಾನು. ಗೀಸರನ್ನ ಬಾತ್‌ರೂಮಿನ ಹೊರಗಿನ ಗೋಡೆಗೆ ಹಾಕಿಸಿ ಪೈಪಿನಲ್ಲಿ ಬಿಸಿನೀರು ತಗೋ ಅಂತ ಮಾಲೀಕರಿಗೆ ಹೇಳು ಅಂದೆ. ಹೇಳ್ತೀನಿ ಅಂದಿದ್ದಾನೆ. ಈ ಅಲಾರಂ ಆನ್‌ಲೈನ್‌ನಲ್ಲಿ ಅಲ್ಲೂ ಸಿಗ್ತದೆ. ಇಲ್ಲಿ 2019ರ ಏಪ್ರಿಲ್‌ನಿಂದ ವಾಸದ ಸೌಕರ್ಯ ಇರುವ ದೋಣಿಗಳಿಗೆ ಸುರಕ್ಷತಾ ಪತ್ರ ಬೇಕಾದರೆ ಇದು ಇರಲೇಬೇಕು. ನಾನೂ ಆ ಪತ್ರಕ್ಕಾಗಿಯೇ ಹಾಕಿಸಿದ್ದು, ಜೀವದ ಯೋಚನೆ ಮಾಡಿ ಅಲ್ಲ.

ಅವ್ವ ನವೆಂಬರ್ ಕೊನೆಗೆ ವಾಪಸ್ ಹೋದಳು. ಹೋಗುವಾಗ ಛಾವಣಿಯ ಆ ಎರಡು ಹಿತ್ತಾಳೆ ಅಣಬೆಗಳನ್ನ ಹುಣಸೆಹಣ್ಣು ಹಚ್ಚಿ ತಿಕ್ಕಿ ಹೊಳೆಯೋ ಹಾಗೆ ಮಾಡಿ ಹೋದಳು. ಈಗ ಪ್ರತಿ ಭಾನುವಾರ ಫೋನ್ ಮಾಡಿದಾಗ ಮೊದಲ ಕೆಲಸ ಅಲಾರಮ್ಮಿನ ಟೆಸ್ಟ್ ಗುಂಡಿ ಒತ್ತೋದು. ನಾನು ಒತ್ತಿದೆ ಅಂದ್ರೆ ಒಪ್ಪಲ್ಲ, ಫೋನ್ ಹತ್ತಿರ ಹಿಡಿದು ಆ ಕೀರಲು ಸದ್ದು ಅವಳ ಕಿವಿಗೆ ಕೇಳಿಸಬೇಕು. ಕೇಳಿಸಿಕೊಂಡು "ಹ್ಞಾಂ, ಆತು" ಅಂತಾಳೆ. ಆಮೇಲೆ ಮದುವೆ ವಿಷಯ ಶುರು ಮಾಡ್ತಾಳೆ. ಹೋದ ವಾರ ಧಾರವಾಡದ ಒಂದು ಮನೆತನದ ಸುದ್ದಿ ಹೇಳಿದಳು. ಹುಡುಗಿಗೆ ಈಜು ಬರ್ತದಂತೆ, ಅದನ್ನೂ ವಿಚಾರಿಸಿದ್ದಾಳೆ.